ಹೆಬ್ಬೆರಳು

ನಮ್ಮೂರಿನ ಜೇನಿಗೆ ಆ ಹೂವು ಗೊತ್ತಿರಲಿಲ್ಲ.
ತುಡುವೆ ಬಂದು ಅಂಚಿನಲ್ಲಿ ಕೂತು
ವಿಳಾಸ ತಪ್ಪಿದ ಪೋಸ್ಟ್‌ಮ್ಯಾನಿನ ಹಾಗೆ
ಒಂದು ಸುತ್ತು ನೋಡಿ ಹೊರಟುಬಿಡುತ್ತಿತ್ತು.
ಅದರ ಜೇನು ಇದ್ದದ್ದು ಸಮುದ್ರದಾಚೆ ಎಲ್ಲೋ,
ಬಳ್ಳಿ ಮಾತ್ರ ಹಡಗು ಹತ್ತಿ ಬಂದಿತ್ತು.

ಅದಕ್ಕೇ ನಾವು.

ರಿಪ್ಪನ್‌ಪೇಟೆಯಿಂದ ಎರಡು ಮೈಲಿ, ಪದ್ಮರಾಜಯ್ಯನವರ ವೆನಿಲಾ.
ಬೆಳಗಿನ ಆರಕ್ಕೆ ಹದಿನಾಲ್ಕು ಹೆಂಗಸರು,
ಸೆರಗಿಗೆ ಸಿಕ್ಕಿಸಿದ ನಿಂಬೆಮುಳ್ಳು.
ಗಂಡಸರನ್ನು ಕರೆಯುತ್ತಿರಲಿಲ್ಲ.
"ಅವರ ಹೆಬ್ಬೆಟ್ಟು ಸಾಲಪತ್ರಕ್ಕೇ ಸೈ"
ಎಂದು ನಗುತ್ತಿದ್ದಳು ಜಲಜಕ್ಕ,
ಪೇಟೆಯಲ್ಲಿ ರವಿಕೆ ಹೊಲಿಯುವವಳು,
ಕರೆಂಟು ಹೋದರೂ ಸೂಜಿಗೆ ದಾರ ಪೋಣಿಸುವವಳು.

"ನೋಡೇ ಕಲಾವತಿ,
ಕೂಸಿನ ಗದ್ದ ಹಿಡಿದ ಹಾಗೆ ಹಿಡಿ.
ತುಟಿ ಸೀಳು. ಒಳಗೊಂದು ಪೊರೆ ಐತಲ್ಲ,
ಮೇಲೆ ಗಂಡು, ಕೆಳಗೆ ಹೆಣ್ಣು, ಮಧ್ಯೆ ಅದು.
ಒಂದೇ ಮನೇಲಿದ್ದು ಮಾತು ಬಿಟ್ಟವರು.
ಮುಳ್ಳಲ್ಲಿ ಪೊರೆ ಎತ್ತು.
ಹೆಬ್ಬೆರಳಲ್ಲಿ ಒತ್ತು, ಮೆಲ್ಲಗೆ.
ಆಯ್ತು. ಮುಂದಿನದು."

ಆ ಹೂವಿಗೆ ಇರುವುದು ಒಂದೇ ಬೆಳಗು.
ಹನ್ನೊಂದರ ಬಿಸಿಲಿಗೆ ಬಾಯಿ ಮುಚ್ಚಿದರೆ ಮತ್ತೆ ತೆರೆಯದು.
ಗೊಂಚಲಲ್ಲಿ ಇಪ್ಪತ್ತು ಮೊಗ್ಗಿದ್ದರೆ ಹತ್ತಕ್ಕಷ್ಟೇ ಕೈ;
ಎಲ್ಲ ಕಾಯಾದರೆ ಬಳ್ಳಿ ಸೋಲುತ್ತದೆ.
ಯಾವ ಹತ್ತು ಬಿಡಬೇಕೆಂದು
ಜಲಜಕ್ಕ ಹೇಳಿಕೊಡಲಿಲ್ಲ, ನಾನು ಕೇಳಲಿಲ್ಲ.

ಆ ಫೆಬ್ರವರಿ ನನಗೆ ಹತ್ತನೇ ಕ್ಲಾಸಿನ ಪ್ರಿಪರೇಟರಿ.
ವಿಜ್ಞಾನದ ದಿನ ಇನ್ನೂರ ಹದಿನೇಳು ಹೂ ಮುಗಿಸಿ
ಉಗುರಿನ ಅಂಟು ಹಾಗೇ ಇರಲು ಓಡಿದೆ.
ಹೂವಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.
ಪುಸ್ತಕದಲ್ಲಿದ್ದದ್ದು ದಾಸವಾಳ.
ಕೈ ಬರೆದದ್ದು ಬೇರೆ:
ಪರಾಗಕೋಶ, ಶಲಾಕಾಗ್ರ, ನಡುವಿನ ಪೊರೆ,
ಪಕ್ಕದಲ್ಲೊಂದು ಮುಳ್ಳು,
ಕೊನೆಯ ಬಾಣದ ತುದಿಗೆ, ಹೆಬ್ಬೆರಳು.

ಬೆನೆಡಿಕ್ಟ್ ಮೇಷ್ಟ್ರು ಕೆಂಪಿನಲ್ಲಿ ಬರೆದರು:
'ಇದು ಹೂವಿನ ಭಾಗವಲ್ಲ.'
ಐದಕ್ಕೆ ಎರಡೂವರೆ.

"ಸಾರ್, ಒಂದಿನ ಬೆಳಿಗ್ಗೆ ಬನ್ನಿ" ಎಂದೆ, ಅಷ್ಟೆ.
ಬಂದೇಬಿಟ್ಟರು, ಸೈಕಲ್ಲಲ್ಲಿ, ಮಫ್ಲರ್ ಸುತ್ತಿಕೊಂಡು.
ಜಲಜಕ್ಕ ತನ್ನ ಮುಳ್ಳನ್ನೇ ಕೊಟ್ಟಳು.
ಕನ್ನಡಕ ಹಣೆಗೇರಿಸಿ, ಉಸಿರು ಹಿಡಿದು, ನಾಲ್ಕು ಹೂ.
ಸೀಮೆಸುಣ್ಣ ಹಿಡಿದ ಬೆರಳು ನಡುಗಿತು.
ಹೆಂಗಸರ ಬಾಯಿಗೆ ಸೆರಗು.
ಆಮೇಲೆ ಅವರು ಒಂದು ಮಾತು ಹೇಳಿದರು:
ನಾವು ತೊಟ್ಟು ಅಂದುಕೊಂಡದ್ದು ತೊಟ್ಟಲ್ಲವಂತೆ,
ಅದೇ ಅಂಡಾಶಯ, ಅದೇ ಮುಂದೆ ಕಾಯಿ.
ಜಲಜಕ್ಕ ಕೈಲಿದ್ದ ಹೂವನ್ನು ತಿರುಗಿಸಿ ತಿರುಗಿಸಿ ನೋಡಿದಳು.
"ಇಷ್ಟು ದಿನ ಅದನ್ನೇ ಹಿಡಕೊಂಡು ನಿಂತಿದ್ನಲ್ಲ!"
ನಾಲ್ಕಕ್ಕೂ ಕೆಂಪು ದಾರ ಕಟ್ಟಿದಳು.

ಫಲಿತಾಂಶ ಮರುದಿನ.
ಕಾಯಿ ಕಚ್ಚದ ಹೂ ಮುಟ್ಟಿದರೆ ಕಳಚುತ್ತದೆ.
ಕಚ್ಚಿದ್ದು ಬಾಡಿ, ಕಂದಿ, ಚಿಂದಿಯಾಗಿ
ತುದಿಯಲ್ಲಿ ಅಂಟಿಕೊಂಡೇ ಇರುತ್ತದೆ.
ಮೇಷ್ಟ್ರವು ಮೂರು ನೆಲದ ಮೇಲಿದ್ದವು.
ನಾಲ್ಕನೆಯದನ್ನು ಎಳೆದು ನೋಡಿದೆ. ಬರಲಿಲ್ಲ.
ಇನ್ನೊಮ್ಮೆ ಎಳೆಯಲು ಮನಸ್ಸಾಗಲಿಲ್ಲ.

ಮುಂದಿನದು ಬಳ್ಳಿಯ ಕೆಲಸ.
ಎರಡೇ ತಿಂಗಳಿಗೆ ಗೇಣುದ್ದ ಇಳಿದು
ಬೀನ್ಸಿನ ಹಾಗೆ ಸುಮ್ಮನೆ ತೂಗಿತು.
ಮಳೆಗಾಲವಿಡೀ ಮೂಸಿದೆ, ಎಂಥದೂ ಇಲ್ಲ.
ಹಸಿ ಕಾಯಿಗೆ ಘಮವಿಲ್ಲ;
ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ,
ವಾರಗಟ್ಟಲೆ ಬಿಸಿಲು ತಿನ್ನಿಸಿ
ಕಪ್ಪಗೆ ಸುಕ್ಕಾಗುವವರೆಗೆ ಅದು ಬಾಯಿ ಬಿಡದು.

ಕೆಂಪು ದಾರದ್ದು ಪದ್ಮರಾಜಯ್ಯನವರ ಲೆಕ್ಕಕ್ಕೆ ಸೇರಲೇ ಇಲ್ಲ.
ರವಿಕೆ ಚೂರಿನಲ್ಲಿ ಸುತ್ತಿ ಜಲಜಕ್ಕ ನನ್ನ ಕೈಗಿಟ್ಟಳು,
"ಮೇಷ್ಟ್ರಿಗೆ ಕೊಡು. ಕದ್ದದ್ದು ಅಂತ ಹೇಳಬೇಡ."

ನನ್ನ ಎರಡೂವರೆ ಎರಡೂವರೆಯೇ ಉಳಿಯಿತು.
ಅವರು ಅದನ್ನು ಸ್ಟಾಫ್‌ರೂಮಿನ ಬೀರುವಿನೊಳಗೆ
ಉತ್ತರಪತ್ರಿಕೆಗಳ ಕಟ್ಟಿನ ನಡುವೆ ಇಟ್ಟರಂತೆ.
ಆ ವರ್ಷ ಹತ್ತನೇ ಕ್ಲಾಸಿನಲ್ಲಿದ್ದ ನನ್ನ ತಮ್ಮ ಹೇಳುತ್ತಿದ್ದ:
ವಿಜ್ಞಾನದ ಪೇಪರು ಕೈಗೆ ಬಂದರೆ
ಎಲ್ಲರೂ ಮೊದಲು ಮೂಗಿಗೆ ಹಿಡಿಯುತ್ತೇವೆ,
ಆಮೇಲೆ ಅಂಕ ನೋಡುತ್ತೇವೆ.